ಅಯ್ಯನವರ ವರ್ಗಾವಣಿ, ಅಮ್ಮಾರ ಉಡಿ, ಏಳು ಗ್ವಾಡಿ ಗಡಿಯಾರ

ಈ ಸಲ ಟಪಾಲು ಬಿಚ್ಚಿದ್ರ ಐದು ಪತ್ರ ಒಂದ ವಿಷಯದ ಮ್ಯಾಲೆ ಬಂದಾವ್ರಿ, ಪಾದ್ರಿಗಳ ವರ್ಗಾವಣಿ. ಸಾಲಿ ಸೂಟಿ ಮುಗಿಯೂ ಹೊತ್ತಿಗೆ ಚರ್ಚಿನವರ ಮನ್ಯಾಗ ಇದ ಮಾತು, ಯಾರು ಹೊಂಟ್ರು, ಯಾರು ಬಂದ್ರು, ಎಲ್ಲಿಗೆ ಹಾಕಿದ್ರು. ನಾನೂ ಪಾದ್ರಿ ಮಗಳರಿ, ಹತ್ತನೆತ್ತೆ ಮುಗಿಯೂದ್ರಾಗ ಐದು ಸಾಲಿ ಬದಲಿ ಮಾಡಿದಾಕಿ, ಅದಕ ಸ್ವಲ್ಪ ಉದ್ದ ಮಾತಾಡ್ತೀನಿ, ಮೊಣಕಾಲು ನೋವಿನವರು, ಸೊಸಿ ಜಗಳದವರು ಮುಂದಿನ ಸಂಚಿಕಿತನಾ ತಡೀರಿ, ಬೈಬ್ಯಾಡ್ರಿ.

ಪ್ರಶ್ನೆ: ಅಕ್ಕಾರ, ನಮ್ಮದು ಬೆಳಗಾವಿ, ಮೆಥೋಡಿಸ್ಟ್ ಸಭೆ. ನಮ್ಮ ಪಾಸ್ಟರ್ ಕೊರೊನಾಕ್ಕಿಂತ ಸ್ವಲ್ಪ ಮೊದಲ ಬಂದವರು. ಆ ಟೈಮಿನ್ಯಾಗ ಮಣ್ಣಿಗೆ ಸ್ವಂತ ಅಣ್ಣತಮ್ಮಂದಿರ ಬರಲಿಲ್ಲ, ಇವರೊಬ್ಬರ ಬಂದು ಪ್ರಾರ್ಥನಿ ಮಾಡಿ ಹೋಗ್ತಿದ್ರು. ಈಗ ಕಾನ್ಫರೆನ್ಸಿನಾಗ (ಪಾಸ್ಟರಗಳ ವರ್ಗಾವಣಿ ಹೇಳೂ ದೊಡ್ಡ ಸಭ್ಯಾಗ) ಬಿಷಪ್ಪರು ಹೆಸರು ಓದಿಬಿಟ್ರು, ಬೀದರ ಕಡೆ ಹಾಕ್ಯಾರ. ನಮ್ಮನ್ನ ಒಂದು ಮಾತು ಕೇಳಿಲ್ಲ. ಯುವಕರು ಸಹಿ ಮಾಡಿಸ್ಕೊಂಡು ಹೋಗಿ ಕ್ಯಾನ್ಸಲ್ ಮಾಡಿಸೋಣ ಅನ್ನಾಕತ್ತಾರ. ನಮ್ಮ ಅತ್ತಿಯವರಿಗೆ ಎಂಬತ್ತೆರಡು, 'ನನ್ನ ಮಣ್ಣಿಗೆ ಅವರ ಇರಬೇಕಿತ್ತು' ಅಂತ ಎರಡು ದಿನ ಆತು ಸರಿಯಾಗಿ ಉಂಡಿಲ್ಲ. ಏನ್ ಮಾಡೂದು?
(ಒಬ್ಬ ಓದುಗರು, ಬೆಳಗಾವಿ)

ಉತ್ತರ: ತಾಯೀ, ಮೊದಲ ಅತ್ತಿಯವರ ಮಾತು, ಸಹಿ ಆಮ್ಯಾಲೆ ನೋಡೂಣು. ಎಂಬತ್ತೆರಡರ ಜೀವಕ್ಕ ಪಾಸ್ಟರ್ ಅಂದ್ರ ರವಿವಾರ ಪ್ರಸಂಗ ಹೇಳವರು ಅಷ್ಟ ಅಲ್ಲ, ಹಾಸಿಗಿ ಹತ್ರ ಬಂದು ಕುಂತವರು, ಯಾವ ಮಗ ಮಾತಾಡ್ಸೂದು ಬಿಟ್ಟಾನ, ಯಾವ ಮಗಳ ಸಲುವಾಗಿ ರಾತ್ರಿ ನಿದ್ದಿ ಬರಂಗಿಲ್ಲ ಅನ್ನೂದು ಗೊತ್ತಿದ್ದವರು. ಅದನ್ನೆಲ್ಲಾ ಹೊಸಬರ ಮುಂದ ಮೊದಲಿಂದ ಹೇಳಬೇಕಲ್ಲಾ, ಅಷ್ಟು ತ್ರಾಣ ಇಲ್ಲ ಅವರಿಗೆ. ಅದಕ ಊಟ ಬಿಟ್ಟಾರ, ಹಟಕ್ಕಲ್ಲ.

ಹಿಂಗ ಮಾಡ್ರಿ. ಪಾಸ್ಟರ್ ಸಾಮಾನು ಕಟ್ಟೂ ಮೊದಲ ಅವರನ್ನ ಮನಿಗೆ ಕರೀರಿ, ಮನ್ಯಾಗ ಅತ್ತಿಯವರಿಗೆ ಕರ್ತನ ಭೋಜನ (ಆರಾಧನ್ಯಾಗ ಕೊಡೂ ರೊಟ್ಟಿ, ದ್ರಾಕ್ಷಿ ರಸ) ಕೊಡಲಿ, ಆಮ್ಯಾಲೆ ನೀವೆಲ್ಲಾ ಹೊರಗ ಬಂದು ಅವರಿಬ್ಬರನ್ನ ಅರ್ಧ ತಾಸು ಬಿಡ್ರಿ. ಮತ್ತ ಒಂದು ಹಾಳ್ಯಾಗ ಬರಸ್ರಿ, ತನ್ನ ಮಣ್ಣಿಗೆ ಯಾವ ಕೀರ್ತನಿ ಹಾಡಬೇಕು, ಯಾವ ಕೀರ್ತನಿ ಬ್ಯಾಡ (ಇದನ್ನೂ ಹೇಳ್ತಾರ ನೋಡ್ರಿ), ಯಾವ ವಾಕ್ಯ ಓದಬೇಕು, ಯಾರು ಹೊರಬೇಕು. ಆ ಹಾಳಿ ಪಾಸ್ಟರ್ ತಮ್ಮ ಕೈಯಾರ ಹೊಸ ಪಾಸ್ಟರಿಗೆ ಕೊಡಲಿ, ಅತ್ತಿಯವರ ಮುಂದನ ಕೊಟ್ರಂತೂ ಭಾಳ ಚಲೋ. ನಮ್ಮಪ್ಪ ಚಾರ್ಜ್ ಕೊಡುವಾಗ ದೀಕ್ಷಾಸ್ನಾನದ ರಜಿಸ್ಟರ್, ಮದುವಿ ರಜಿಸ್ಟರ್, ಮಣ್ಣಿನ ರಜಿಸ್ಟರ್ ಎಣಿಸಿ ಕೊಟ್ಟು ಸಹಿ ಮಾಡಿಸ್ಕೊಂಡ ಮ್ಯಾಲೆ, ಒಂದು ನೀಲಿ ರಟ್ಟಿನ ನೋಟಬುಕ್ಕು ಬ್ಯಾರೆ ಕೊಡ್ತಿದ್ರು, ಅದಕ್ಕ ಸಹಿ ಇಲ್ಲ. ಅದರಾಗ ಇಂಥಾವೆ ಇರ್ತಿದ್ದು. ಯಾರಿಗೆ ಕಿವಿ ಕೇಳಂಗಿಲ್ಲ, ಯಾರ ಮನಿಗೆ ಹೋದಾಗ ಚಹಾ ಕೇಳಬಾರದು ಯಾಕಂದ್ರ ಸಕ್ಕರಿ ಇರಂಗಿಲ್ಲ, ಯಾವ ಮುದುಕಿ ಯಾವ ಹಾಡು ಬೇಡ್ಯಾಳ. ನಾನು ಸಣ್ಣಾಕಿದ್ದಾಗ ಕದ್ದು ಓದಿ ಬೈಸ್ಕೊಂಡೀನಿ.

ಈಗ ಸಹಿ ವಿಷಯ. ನಿಮ್ಮನ್ನ ಕೇಳಲಿಲ್ಲ ಅನ್ನೂ ಸಿಟ್ಟು ನನಗ ತಿಳೀತೈತಿ, ಆದ್ರ ಮೆಥೋಡಿಸ್ಟ್ ಪದ್ಧತಿ ಬೆಳದಿದ್ದ ಕುದುರಿ ಬೆನ್ನ ಮ್ಯಾಲೆ ಅಲ್ರಿ. ಈ ಪಂಥ ಸುರು ಮಾಡಿದ ಜಾನ್ ವೆಸ್ಲಿ ತಾನೂ ಊರೂರು ತಿರಗಿದ, ತನ್ನ ಬೋಧಕರನ್ನೂ ತಿರಗಿಸಿದ. ಒಂದ ಊರಾಗ ಇಡೀ ವರ್ಷ ಪ್ರಸಂಗ ಮಾಡಿದ್ರ ನಾನೂ ನಿದ್ದಿ ಹೋದೇನು, ಕೇಳವರೂ ನಿದ್ದಿ ಹೋದಾರು ಅನ್ನೂ ಅರ್ಥದ ಮಾತು 1756ರ ಒಂದು ಪತ್ರದಾಗ ಬರದಾನ. ಅಮೆರಿಕದ ಮೆಥೋಡಿಸ್ಟರು ಇನ್ನೂ ಮುಂದ ಹೋಗಿ, ಬೋಧಕರನ್ನ ಒಂದ ಕಡೆ ಎರಡು ವರ್ಷಕ್ಕಿಂತ ಹೆಚ್ಚು ಇಡಬಾರದು ಅಂತ 1804ರಾಗ ನಿಯಮನ ಮಾಡಿದ್ರು. ನಿಮ್ಮ ಬೆಳಗಾವಿಗೆ ಬಂದಿದ್ದು ಆ ಅಮೆರಿಕದ ಮೆಥೋಡಿಸ್ಟರ. ಅದಕ್ಕೂ ಮೊದಲ 1820ರಾಗ ಲಂಡನ್ ಮಿಶನ್ನಿನ ಜೋಸೆಫ್ ಟೇಲರ್ ಬಳ್ಳಾರಿಯಿಂದ ಬಂದು ಬೆಳಗಾವ್ಯಾಗ ಕೆಲಸ ಸುರು ಮಾಡಿದ್ದ, ಎಂಬತ್ತು ವರ್ಷದ ಮ್ಯಾಲೆ ಲಂಡನ್ ಮಿಶನ್ನವರು ಇಲ್ಲಿ ಕೆಲಸ ನಡೆಸಿ 1904ರಾಗ ಎಲ್ಲಾ ಮೆಥೋಡಿಸ್ಟರ ಕೈಗೆ ಕೊಟ್ಟು ಹೋದ್ರು. ಅಂದ್ರ ನಿಮ್ಮ ಊರಾಗ ಒಬ್ಬ ಪಾಸ್ಟರಲ್ಲ, ಇಡೀ ಮಿಶನ್ನ ಟ್ರಾನ್ಸಫರ್ ಆಗಿತ್ತು! ಆಗಿನ ಮುದುಕೇರೂ ಊಟ ಬಿಟ್ಟಿರಬೇಕು.

ಸಹಿ ತಗೊಂಡು ಹೋಗಬ್ಯಾಡ್ರಿ ಅಂತ ನನ್ನ ಮತ. ಹೌದು, ಯಾರದೋ ಚಾಡಿ ಮಾತಿಗೆ, ಶಿಕ್ಷಾ ಕೊಡಾಕಂತ ಎತ್ತಿ ಹಾಕಿದ್ರ ಅದು ಬ್ಯಾರೆ, ಅವಾಗ ಕಮಿಟಿಯವರು ಕುಂತು ಡಿ.ಎಸ್. (ಡಿಸ್ಟ್ರಿಕ್ಟ್ ಸುಪರಿಂಟೆಂಡೆಂಟ್, ಪಾಸ್ಟರಗಳ ಮೇಲಿನವರು) ಅವರಿಗೆ ಬರವಣಿಗ್ಯಾಗ ಕೊಡ್ರಿ. ಆದ್ರ ಬರೇ ಪ್ರೀತಿಗೆ ಸಹಿ ಮಾಡಿದ್ರ ಏನಾಗತೈತಿ ಗೊತ್ತೇನ್ರಿ, ಸಹಿ ಮಾಡಿದವರು ಒಂದು ಗುಂಪು, ಮಾಡದವರು ಇನ್ನೊಂದು ಗುಂಪು, ಹೊಸದಾಗಿ ಬರೂ ಪಾಸ್ಟರ್ ಬಸ್ ಇಳಿಯೂದ್ರಾಗನ ಅವರಿಗೆ ವಿರೋಧಿಗಳು ತಯಾರು. ಬೈಬಲ್ಲಿನಾಗ ಕೊರಿಂಥದ ಸಭ್ಯಾಗ ಇದ ಆಗಿದ್ದು, ನಾನು ಪೌಲನಾಂವ, ನಾನು ಅಪೊಲ್ಲೋಸನಾಂವ ಅಂತ ಜಗಳ, ಪೌಲ ಏನಂದ, ನಾನು ಸಸಿ ನೆಟ್ಟೆ, ಅಪೊಲ್ಲೋಸ ನೀರು ಹಾಕಿದ, ಬೆಳಸಿದಾತ ದೇವರು. ನಿಮ್ಮ ಪಾಸ್ಟರ್ ಈ ವಾಕ್ಯದ ಮ್ಯಾಲೆ ಎಷ್ಟು ಸಲ ಪ್ರಸಂಗ ಮಾಡ್ಯಾರೋ ಏನೋ, ಈಗ ಸಹಿ ಹಾಳಿ ನೋಡಿದ್ರ ಅವರ ಹೊಟ್ಯಾಗ ಹೆಂಗಾಗಬೇಕು.

ಇನ್ನೊಂದು. ಹ್ವಾದ ಮ್ಯಾಲೆ ದಿನಾ ಫೋನ್ ಹಚ್ಚಬ್ಯಾಡ್ರಿ. 'ಅಯ್ಯಾರ, ಹೊಸಬರು ನಿಮ್ಮಂಗಿಲ್ಲರಿ' ಅನ್ನೂ ಫೋನು ನಮ್ಮ ಮನಿಗೂ ಬರ್ತಿದ್ದು, ಅಪ್ಪ ಕೇಳಿ ಮುಗಿಸಿ ರಿಸೀವರ್ ಇಟ್ಟು ಸುಮ್ಮನ ಅಂಗಳಕ್ಕ ಹೋಗಿ ನಿಲ್ತಿದ್ರು. ನಿಮ್ಮ ಮಗಳ ಮದುವಿಗೆ ಹಳೇ ಪಾಸ್ಟರ್ ಬೇಕಂದ್ರ ಮೊದಲ ಹೊಸ ಪಾಸ್ಟರನ್ನ ಕೇಳ್ರಿ, ಅವರ ಕರೀಲಿ. ಇದು ರೂಲು ಅಂತಲ್ಲ, ಮರ್ಯಾದಿ.

ಪ್ರಶ್ನೆ: ಅಕ್ಕಾ, ನಾನು ಗುಳೇದಗುಡ್ಡದಾಕಿ, ಮನ್ಯಾಗ ಮಗ್ಗ ಐತಿ, ಖಣ ನೇಯ್ತೀವಿ. ನಮ್ಮ ಸಭೆಯ ಅಯ್ಯನವರು, ಅಮ್ಮನವರು ಹೊಂಟಾರ. ನಮ್ಮ ಮಹಿಳಾ ಕೂಟದವರಿಗೆಲ್ಲಾ ಅಮ್ಮಾರಿಗೆ ಉಡಿ ತುಂಬಿ ಕಳಿಸಬೇಕು ಅಂತ ಆಸೆ, ತವರಿಂದ ಮಗಳನ್ನ ಬರಿಗೈಲೆ ಕಳಸ್ತಾರೇನ್ರಿ? ಆದ್ರ ಹಿರಿಯರೊಬ್ಬರು 'ಇದು ನಮ್ಮ ಪದ್ಧತಿ ಅಲ್ಲ, ಚರ್ಚಿನಾಗ ಇಂಥಾದ್ದೆಲ್ಲಾ ನಡಿಯಂಗಿಲ್ಲ' ಅಂತ ಮೀಟಿಂಗಿನಾಗ ಎದ್ದು ನಿಂತು ಅಂದ್ರು. ತುಂಬಬೇಕೋ ಬ್ಯಾಡೋ?
(ಗುಳೇದಗುಡ್ಡ)

ಉತ್ತರ: ತುಂಬ್ರಿ. ಆದ್ರ ಹೆಂಗ, ಎಲ್ಲಿ, ಯಾರು ಅನ್ನೂದ್ರಾಗ ನಂದು ಸ್ವಲ್ಪ ತಕರಾರು ಐತಿ, ಕೇಳ್ರಿ.

ಗುಳೇದಗುಡ್ಡಕ್ಕ ಸ್ವಿಟ್ಜರ್ಲಂಡಿನ ಬಾಸೆಲ್ ಮಿಶನ್ ಬಂದಿದ್ದು 1851ರಾಗ, ಪೌಣೆ ಎರಡು ನೂರು ವರ್ಷ ಆಗಾಕ ಬಂತು. ಇಷ್ಟು ವರ್ಷದಾಗ ನಿಮ್ಮ ಊರಿನ ಕ್ರೈಸ್ತ ಹೆಣ್ಣಮಕ್ಕಳು ಇಲಕಲ್ ಸೀರಿ ಬಿಟ್ಟಿಲ್ಲ, ಖಣದ ಕುಬಸ ಬಿಟ್ಟಿಲ್ಲ, ಮದುವ್ಯಾಗ ಬೀಗರಿಗೆ ಹೋಳಿಗಿ ಮಾಡೂದು ಬಿಟ್ಟಿಲ್ಲ. ಹಿಂಗಿರುವಾಗ ಉಡಿ ಒಂದಕ್ಕ ಯಾಕ ಬಾಗಲಾ ಹಾಕಬೇಕು ಅಂತ ನಿಮ್ಮ ಮನಸ್ಸಿನಾಗ ಬಂದಿರೂದು ಸಹಜ. ಉಡಿ ಅಂದ್ರ ಏನ್ರಿ ಹೇಳ್ರಿ, ಅಕ್ಕಿ, ಕೊಬ್ಬರಿ ಬಟ್ಟಲ, ಉತ್ತತ್ತಿ, ಅಡಿಕಿ, ಅರಿಷಿಣ ಬೇರು, ಒಂದು ಖಣ. ಹೋದಲ್ಲಿ ಹೊಟ್ಟಿ ತುಂಬಿರಲಿ, ಮೈಮ್ಯಾಲೆ ಅರಿವಿ ಇರಲಿ ಅನ್ನೂ ಹಾರೈಕಿ. ಅದಕ್ಕ ಪೂಜಾ ಸೇರಿಸಿದ್ರ ಪೂಜಾ, ಪ್ರಾರ್ಥನಿ ಸೇರಿಸಿದ್ರ ಪ್ರಾರ್ಥನಿ.

ಆದ್ರ ಆ ಹಿರಿಯರನ್ನ ಬೈಬ್ಯಾಡ್ರಿ. ಅವರ ಅಜ್ಜನೋ ಮುತ್ಯಾನೋ ಎಷ್ಟೋ ಬಿಟ್ಟು ಬಂದವರಿರಬೇಕು, ಊರಾಗ ನೀರು ಬಂದ್ ಮಾಡಿಸ್ಕೊಂಡವರಿರಬೇಕು, ಬಿಟ್ಟು ಬಂದಿದ್ದು ಮತ್ತ ಹಿಂದಿನ ಬಾಗಲದಿಂದ ಬರತೈತೇನೋ ಅಂತ ಅವರಿಗೆ ಅಂಜಿಕಿ. ಅವರ ಸಲುವಾಗಿ ಕುಂಕುಮ, ಆರತಿ ಇವೆರಡನ್ನೂ ಬಿಡ್ರಿ, ಏನೂ ಕಡಿಮಿ ಆಗಂಗಿಲ್ಲ. ಚರ್ಚಿನೊಳಗ ಪೀಠದ ಮುಂದ ಮಾಡಬ್ಯಾಡ್ರಿ, ಅಲ್ಲಿ ಹಿರಿಯರು ಕೈಯಿಟ್ಟು ಪ್ರಾರ್ಥನಿ ಮಾಡಿ ಬೈಬಲ್ಲಿನ ಅರಣ್ಯಕಾಂಡ ಆರನೇ ಅಧ್ಯಾಯದ ಆಶೀರ್ವಾದ ಹೇಳಲಿ, ಇಷ್ಟು ವರ್ಷ ಅಯ್ಯನವರು ನಿಮಗ ಹೇಳಿದ್ದನ್ನ ಈಗ ನೀವು ಅವರಿಗೆ ಹೇಳಿದಂಗಾಗತೈತಿ. ಉಡಿ ಮಾತ್ರ ಅಯ್ಯನವರ ಮನ್ಯಾಗ, ಅಡಗಿ ಮನಿ ಬಾಗಲದಾಗ. ನಮ್ಮವ್ವಗ ಪ್ರತಿ ಊರಾಗ ಉಡಿ ತುಂಬಿದ್ದು ಅಲ್ಲೇ, ಸಾಮಾನೆಲ್ಲಾ ಲಾರಿಗೆ ಏರಿ ಮನಿ ಭಣಭಣ ಅನ್ನುವಾಗ, ಕುಂಡ್ರಾಕ ಮಣಿನೂ ಇರ್ತಿರಲಿಲ್ಲ, ನೆಲದ ಮ್ಯಾಲೆ ಕುಂತು ಸೆರಗು ಒಡ್ತಿದ್ಲು.

ಈಗ ನನ್ನ ತಕರಾರು. ಊರ ಪದ್ಧತ್ಯಾಗ ಉಡಿ ತುಂಬೂವಾಗ ಗಂಡ ಇಲ್ಲದವರನ್ನ ದೂರ ನಿಲ್ಲಸ್ತಾರ. ನಿಮ್ಮ ಸಭ್ಯಾಗ ಹಂಗ ಮಾಡಿದ್ರ ನಾನು ಆ ಹಿರಿಯರ ಪಾರ್ಟಿ, ಈಗ ಹೇಳಿಬಿಡ್ತೀನಿ. ಚರ್ಚ್ ಕಸಾ ಹೊಡಿಯೂ ಅಜ್ಜಿ, ಕೂಟಕ್ಕ ಎಲ್ಲಾರಿಗಿಂತ ಮೊದಲ ಬಂದು ಚಾಪಿ ಹಾಸೂ ಅಕ್ಕ, ಅಂಥವರು ಗಂಡ ಇಲ್ಲದವರ ಇರ್ತಾರ ಭಾಳ ಸಲ, ಮೊದಲ ಮುಷ್ಟಿ ಅಕ್ಕಿ ಅವರ ಕೈಯಾಂದ ಬೀಳಲಿ. ಕೈ ನಡುಗಿದ್ರ ನಡುಗಲಿ, ಅಕ್ಕಿ ಚೆಲ್ಲಿದ್ರ ಚೆಲ್ಲಲಿ.

ಎಲ್ಲಾಕ್ಕಿಂತ ಮೊದಲ ಅಮ್ಮಾರನ್ನ ಒಂದು ಮಾತು ಕೇಳ್ರಿ ಮತ್ತ, ಅವರಿಗೇ ಬ್ಯಾಡಾಗಿದ್ರ ಖಣ ಕವರಿನಾಗ ಹಾಕಿ ಕೊಟ್ಟು ಅಪ್ಪಿಕೊಳ್ರಿ ಅಷ್ಟ. ಬುತ್ತಿ ಮರೀಬ್ಯಾಡ್ರಿ, ಕಟಕ ರೊಟ್ಟಿ, ಶೇಂಗಾ ಹಿಂಡಿ, ಕೆಂಪ ಚಟ್ನಿ, ಹೊಸ ಊರಾಗ ಗ್ಯಾಸ್ ಕನೆಕ್ಷನ್ ಬರೂತನಾ ಎಂಟು ದಿನ ಅದ ಕಾಯೂದು.

ಪ್ರಶ್ನೆ: ನಾನು ವಿಜಯಪುರದ ಒಂದು ಸಭೆಯ ಸೆಕ್ರೆಟರಿ. ಪಾಸ್ಟರ್ ಬೀಳ್ಕೊಡುಗಿಗೆ ಪಟ್ಟಿ ಎತ್ತಿದ್ವಿ, ಜನ ಅಂದಾಜಿಗಿಂತ ಹೆಚ್ಚ ಕೊಟ್ಟಾರ. ಪೆಂಡಾಲ್, ಸ್ಟೇಜ್, ದೊಡ್ಡ ಫ್ಲೆಕ್ಸ್, ಶಾಲು, ಹಾರ, ಒಂದು ದೊಡ್ಡ ಗೋಡೆ ಗಡಿಯಾರದ ಮೆಮೆಂಟೊ ಅಂತ ಕಮಿಟ್ಯಾಗ ಠರಾವ್ ಆಗ್ಯದ. ಮತ್ತೇನರ ಸೇರಿಸಬೇಕಾ?
(ವಿಜಯಪುರ)

ಉತ್ತರ: ಸೇರಿಸೂದಲ್ಲರಿ, ತೆಗೀರಿ. ಗಡಿಯಾರ ತೆಗೀರಿ ಮೊದಲ.

ನಮ್ಮಪ್ಪ ರಿಟೈರ್ ಆದಾಗ ಮನ್ಯಾಗ ಏಳು ಗ್ವಾಡಿ ಗಡಿಯಾರ ಇದ್ದು. ಏಳಕ್ಕ ಏಳೂ ಸಭೆಯವರು ಕೊಟ್ಟಿದ್ದು, ಎಲ್ಲಾದ್ರ ಮ್ಯಾಲೂ ಬಂಗಾರ ಬಣ್ಣದಾಗ ಊರ ಹೆಸರು, ಇಸ್ವಿ. ಕ್ವಾಟರ್ಸಿನಾಗ ಇರೂದು ಎರಡು ಖೋಲಿ, ಏಳು ಗಡಿಯಾರ ಎಲ್ಲಿ ಹಚ್ಚೂದ್ರಿ? ಹಂಗಂತ ಯಾರಿಗೂ ಕೊಡಾಕ ಬರಂಗಿಲ್ಲ, ಹೆಸರು ಬರದೈತಿ. ಅವ್ವ ಎಲ್ಲಾ ಗಡಿಯಾರದ್ದೂ ಸೆಲ್ ತಗದು ಟ್ರಂಕಿನಾಗ ಸೀರಿ ಸುತ್ತಿ ಇಟ್ಟಿದ್ಲು. ಒಂದರ ಸೆಲ್ ತಗಿಯೂದು ಮರತಿದ್ಲು, ವರ್ಷಗಟ್ಟಲೆ ಟ್ರಂಕಿನೊಳಗಿಂದ ಟಿಕ್ ಟಿಕ್ ಅಂತಿತ್ತು, ಮನಿಗೆ ಬಂದವರು ಇಲಿ ಐತೇನ್ರಿ ಅಂತ ಕೇಳ್ತಿದ್ರು.

ರೊಕ್ಕ ಹೆಚ್ಚಿಗಿ ಬಂದೈತಿ ಅಂದ್ರಿ, ಚಲೋ ಆತು. ಲಾರಿ ಬಾಡಗಿ ನೀವ ಕೊಡ್ರಿ, ಸಾಮಾನು ಏರಸಾಕ ಇಳಸಾಕ ನಾಕು ಹುಡುಗರನ್ನ ಜೋಡಿ ಕಳಸ್ರಿ. ಇದು ಯಾರಿಗೂ ನೆನಪಾಗಂಗಿಲ್ಲ ನೋಡ್ರಿ, ಸ್ಟೇಜಿನ ಮ್ಯಾಲೆ ಹತ್ತು ಮಂದಿ ಅತ್ತು ಹೋಗಿರ್ತಾರ, ಮರುದಿನ ಮುಂಜಾನೆ ಕಪಾಟು ಹೊರಾಕ ಅಪ್ಪ, ಅವ್ವ, ನಾನು, ಡ್ರೈವರ್. ಮಕ್ಕಳಿದ್ರ ಹೊಸ ಸಾಲಿ ಫೀ, ಯುನಿಫಾರ್ಮಿನ ಸಲುವಾಗಿ ಲಕೋಟಿಯೊಳಗ ಹಾಕಿ ಅಮ್ಮಾರ ಕೈಗೆ ಕೊಡ್ರಿ, ಮೈಕಿನಾಗ ಎಷ್ಟು ಅಂತ ಹೇಳಬ್ಯಾಡ್ರಿ. ಬೈಬಲ್ಲಿನಾಗ ಅಪೊಸ್ತಲರ ಕೃತ್ಯಗಳು ಇಪ್ಪತ್ತನೇ ಅಧ್ಯಾಯ ತಗದು ಓದ್ರಿ, ಪೌಲ ಎಫೆಸದ ಹಿರಿಯರನ್ನ ಮಿಲೇತಕ್ಕ ಕರಸಿ ಬೀಳ್ಕೊಂಡ, ಅಲ್ಲಿ ಅವ ಲೆಕ್ಕ ಕೊಟ್ಟಾಂಗ ಹೇಳ್ತಾನ, ನಾನು ಯಾರ ಬೆಳ್ಳಿಗೂ, ಬಂಗಾರಕ್ಕೂ, ಬಟ್ಟಿಗೂ ಆಸೆ ಪಟ್ಟಿಲ್ಲ ಅಂತ. ಆಮ್ಯಾಲೆ ಎಲ್ಲಾರೂ ಮೊಣಕಾಲೂರಿ ಪ್ರಾರ್ಥನಿ ಮಾಡಿದ್ರು, ಇನ್ನ ಮುಖ ನೋಡೂದಿಲ್ಲ ಅಂದಿದ್ದಕ್ಕ ಕೊಳ್ಳಿಗೆ ಬಿದ್ದು ಅತ್ರು, ಹಡಗದತನಾ ಕಳಿಸಿ ಬಂದ್ರು. ಸ್ಟೇಜೂ ಇಲ್ಲ, ಫ್ಲೆಕ್ಸೂ ಇಲ್ಲ. ಹಡಗದತನಾ ಹೋಗೂದು ದೊಡ್ಡದು.

ನಿಮ್ಮ ವಿಜಯಪುರಕ್ಕ ಬಾಸೆಲ್ ಮಿಶನ್ ಬಂದಿದ್ದು 1885ರಾಗ. 1914ರಾಗ ಮೊದಲನೇ ಮಹಾಯುದ್ಧ ಸುರು ಆದ ಮ್ಯಾಲೆ ಬ್ರಿಟಿಷ್ ಸರಕಾರ ಆ ಮಿಶನ್ನಿನ ಜರ್ಮನ್ ಮಿಶನರಿಗಳನ್ನ ಹಿಡದು ಅಹ್ಮದನಗರದ ಕ್ಯಾಂಪಿನಾಗ ಇಟ್ಟು ಆಮ್ಯಾಲೆ ಹಡಗ ಹತ್ತಿಸಿ ಅವರ ದೇಶಕ್ಕ ಕಳಸ್ತು. ಅವರಿಗೆ ಯಾವ ಸಭೆ ಹಾರ ಹಾಕ್ತು, ಯಾವ ಸಭೆ ಫೋಟೋ ತಗಿಸ್ತು? ಶತ್ರು ದೇಶದವರು ಅಂತ ಕರಕೊಂಡು ಹೋದವರನ್ನ ಕಳಸಾಕ ಹೋಗೂದೂ ಕಷ್ಟಿತ್ತು. ಉಳಕೊಂಡಿದ್ದು ಇಲ್ಲಿನ ಬೋಧಕರು, ಇಲ್ಲಿನ ಹಿರಿಯರು, ಅವರ ಸಭೆ ನಡಿಸಿದ್ರು. ಹಿಂಗಾಗಿ ನಿಮ್ಮ ಫ್ಲೆಕ್ಸಿನ ಮ್ಯಾಲೆ ನನಗೇನೂ ಅಷ್ಟು ಸಿಟ್ಟಿಲ್ಲ, ಒಂದು ಶಾಲು ಹಾಕ್ರಿ, ಫೋಟೋ ತಗಸ್ರಿ, ಆದ್ರ ಫ್ಲೆಕ್ಸಿನಾಗ ಪಾಸ್ಟರ್ ಮುಖ ಸಣ್ಣದು, ಕಮಿಟಿಯವರ ಮುಖ ಹನ್ನೆರಡು ಆಗದಂಗ ನೋಡಿಕೊಳ್ರಿ.

ಪ್ರಶ್ನೆ: ನಾವು ಲಿಂಗಾಯತರು, ಜಮಖಂಡಿ. ನಮ್ಮ ಓಣ್ಯಾಗ ಇದ್ದ ಪಾದ್ರಿಯವರು ನನ್ನ ಮಗ ಪಿಯುಸಿ ಫೇಲಾಗಿ ಮನಿ ಬಿಟ್ಟು ಹೋದಾಗ ನನ್ನ ಜೋಡಿ ಮೂರು ದಿನ ತಿರಗಿ ಹುಡುಕಿ ಕರಕೊಂಡು ಬಂದವರು. ಅವರ ಸೆಂಡಾಫಿಗೆ ಚರ್ಚಿಗೆ ಕರದಾರ. ನಾವು ಒಳಗ ಹೋಗಬಹುದೇನ್ರಿ? ಅಲ್ಲಿ ರೊಟ್ಟಿ, ದ್ರಾಕ್ಷಿ ರಸ ಕೊಡ್ತಾರಂತ, ತಗೊಳ್ಳದಿದ್ರ ಅವಮಾನ ಆಗೂದಿಲ್ಲೇನು?
(ಜಮಖಂಡಿ)

ಉತ್ತರ: ಆರಾಮ ಹೋಗ್ರಿ ಸಾಹೇಬ್ರ. ನಿಮ್ಮ ಮನಿಯವರನ್ನೂ, ಆ ಮಗನ್ನೂ ಕರಕೊಂಡು ಹೋಗ್ರಿ. ಚಪ್ಪಲಿ ವಿಷಯ ಬಾಗಲದಾಗ ನೋಡಿದ್ರ ತಿಳೀತೈತಿ, ಎಲ್ಲಾರೂ ಬಿಟ್ಟಿದ್ರ ಬಿಡ್ರಿ. ಎಲ್ಲಾರೂ ಎದ್ದು ನಿಂತಾಗ ನಿಲ್ರಿ, ಕುಂತಾಗ ಕುಂಡ್ರಿ.

ರೊಟ್ಟಿ, ರಸ ಇರೂದು ಕರ್ತನ ಭೋಜನದ ಆರಾಧನಿ ಇದ್ರ ಅಷ್ಟ, ಸೆಂಡಾಫಿನಾಗ ಇರಲಾರದೂ ಆಗಬಹುದು. ಅದು ಊಟನೂ ಅಲ್ಲ, ಬಂದವರಿಗೆಲ್ಲಾ ಹಂಚೂ ಪ್ರಸಾದನೂ ಅಲ್ಲ, ದೀಕ್ಷಾಸ್ನಾನ ಆಗಿ ಸಭ್ಯಾಗ ಸ್ಥಿರೀಕರಣ (ತಾವ ಎಲ್ಲಾರ ಮುಂದ ವಿಶ್ವಾಸ ಒಪ್ಪಿಕೊಳ್ಳೂ ವಿಧಿ) ಆದವರು ತಗೋತಾರ. ನಮ್ಮ ಚರ್ಚಿನ ಸಣ್ಣ ಹುಡುಗ್ರೂ ತಗೊಳ್ಳಂಗಿಲ್ಲ, ಹಿಂಗಾಗಿ ನೀವು ಕುಂತಲ್ಲೇ ಕುಂತ್ರ ಯಾರೂ ಹೊಳ್ಳಿ ನೋಡಂಗಿಲ್ಲ, ತಗೊಳ್ಳದಿರೂದ ಅಲ್ಲಿ ಮರ್ಯಾದಿ. ಆಮ್ಯಾಲೆ ಹೊರಗ ಊಟಕ್ಕ ಕರೀತಾರ, ಅದನ್ನ ಮಾತ್ರ ಬಿಡಬ್ಯಾಡ್ರಿ. ನೀವು ಶಾಖಾಹಾರಿಗಳಿದ್ರ ಬಡಸವರಿಗೆ ಮೊದಲ ಹೇಳ್ರಿ, ಬ್ಯಾರೆ ಪಾತ್ರಿ ಇದ್ದ ಇರತೈತಿ.

ಸಾಧ್ಯ ಆದ್ರ ಯಾರರ ಮೈಕ್ ಕೊಟ್ಟಾಗ ಆ ಮೂರು ದಿನದ ಮಾತು ನೀವ ಹೇಳ್ರಿ. ಮಗನ್ನ ಕೇಳಿಕೊಂಡು ಹೇಳ್ರಿ ಮತ್ತ. ಇಂಥಾದ್ದನ್ನ ಪಾದ್ರಿಗಳು ಹೊರಗ ಹೇಳಂಗಿಲ್ಲ, ಅವರ ಸಭೆಯವರಿಗೆ ಗೊತ್ತಿರಾಕಿಲ್ಲ.

ಪ್ರಶ್ನೆ: ಆಂಟಿ ನಮಸ್ಕಾರ. ನಾನು ಬಾಗಲಕೋಟಿ ನವನಗರ, ಆರನೇ ಕ್ಲಾಸ್. ನಮ್ಮ ಸಂಡೇ ಸ್ಕೂಲ್ ಟೀಚರ್ ಪಾಸ್ಟರ್ ಅಂಕಲ್ ಬಗ್ಗೆ ಎರಡು ನಿಮಿಷ ಭಾಷಣ ಮಾಡು ಅಂದಾರ. ಅಪ್ಪ 'ಅಜಾತಶತ್ರು, ಸರಳ ಸಜ್ಜನಿಕೆಯ ಸಾಕಾರಮೂರ್ತಿ' ಅಂತ ಬರದು ಕೊಟ್ಟಾರ, ನನಗ ಬಾಯಾಗ ಬರೂದಿಲ್ಲ. ಪಾಸ್ಟರ್ ಅಂಕಲ್ ನಮಗ ಪೆಪ್ಪರಮಿಂಟ್ ಕೊಡ್ತಾರ. ನನ್ನನ್ನ ಯಾವಾಗಲೂ ನಮ್ಮ ಅಣ್ಣನ ಹೆಸರಿಂದ ಕರೀತಾರ, ನಾಕು ವರ್ಷ ಆತು. ಏನ್ ಹೇಳಲಿ?

ಉತ್ತರ: ಪುಟ್ಟಾ, ಅಪ್ಪನ ಹಾಳಿ ಮಡಚಿ ಕಿಸೆದಾಗ ಇಟ್ಕೋ, ಅಪ್ಪಗ ಬ್ಯಾಸರಾಗಬಾರದು. ಸ್ಟೇಜಿಗೆ ಹೋಗಿ ನೀನು ನನಗ ಪತ್ರದಾಗ ಬರದದ್ದನ್ನ ಹೇಳು, ಪೆಪ್ಪರಮಿಂಟಿಂದು, ಯಾವ ಬಣ್ಣದ್ದು ಕೊಡ್ತಿದ್ರು, ಎರಡನೇದು ಕೇಳಿದ್ರ ಕೊಡ್ತಿದ್ರೋ ಇಲ್ಲೋ, ನಾಕು ವರ್ಷ ಅಣ್ಣನ ಹೆಸರಿಂದ ಕರದಿದ್ದು. ಎಲ್ಲಾರೂ ನಗ್ತಾರ, ಪಾಸ್ಟರ್ ಅಂಕಲ್ಲೂ ನಗ್ತಾರ, ನಗು ನಿಲ್ಲೂತನಾ ತಡಿ, ಅವಸರ ಮಾಡಬ್ಯಾಡ. ಆಮ್ಯಾಲೆ ಅವರ ಕಡೆ ಹೊಳ್ಳಿ ನಿನ್ನ ಹೆಸರು ಹೇಳು. ಗಟ್ಟ್ಯಾಗಿ, ಎರಡು ಸಲ.